ಬಲ ಬಾಲವಾದ ಕತೆ

ಎಲ್ಲರಿಗೂ ನಮಸ್ಕಾರ.

ಸಮೂಹ ಗಾಯನದಲ್ಲಿ ಹಳೇ ಹಾಡು, ಹೊಸ ಹಾಡು ಎರಡನ್ನೂ ಹೇಗೆ ಕೂಡಿಸುತ್ತೀರಿ, ಅದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಹೇಗೆ ಕೂಡಿಸಬೇಕು ಅನ್ನುವುದಕ್ಕಿಂತ ಹೇಗೆ ಕೂಡಿಸಬಾರದು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಮೊದಲು ನನ್ನದೇ ಒಂದು ಅವಮಾನದ ಕತೆ ಹೇಳಿಬಿಡುತ್ತೇನೆ.

ನಮ್ಮ ಬಡಾವಣೆಯ ಹಿಂದೆ ಒಂದು ಕೆರೆ ಇದೆ. ಕೆಲವು ವರ್ಷದ ಹಿಂದೆ ಅದರ ಹೂಳು ತೆಗೆಸಿದರು. ಆ ಖುಷಿಗೆ ಕೆರೆ ಏರಿ ಮೇಲೆ ಒಂದು ಸಣ್ಣ ಕಾರ್ಯಕ್ರಮ. ನಮ್ಮ ತಂಡ ಹೊಸ ಹಾಡು ಹಾಡಬೇಕು ಅಂತಾಯಿತು. ಸಾಹಿತ್ಯ ನಮ್ಮವರೇ ಒಬ್ಬರು ಬರೆದರು. ರಾಗ ಹಾಕಿದವಳು ನಾನು. ಪಲ್ಲವಿ ಹೀಗಿತ್ತು: ‘ಕೆರೆಯೇ ನಮ್ಮ ಬಲ, ನೆಲದೊಳಗಿನ ಫಲ.’ ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೀಬೋರ್ಡ್ ಅಲ್ಪಸ್ವಲ್ಪ ಬರುತ್ತದೆ. ಅದರ ಮುಂದೆ ಕೂತು ಒಳ್ಳೆ ಗಂಭೀರವಾದ ಟ್ಯೂನ್ ಮಾಡಿದೆ. ‘ಬಲ’ ಬಂದಾಗ ‘ಬ’ ಮೇಲೆ ಎರಡು ಎಣಿಕೆ ನಿಲ್ಲಿಸಿದೆ. ಮೂರು ಧ್ವನಿ ಅಲ್ಲಿ ಸೇರುತ್ತಿದ್ದವು. ಅಭ್ಯಾಸದ ದಿನ ಕೇಳಿ ನನಗೇ ಮೈ ಜುಮ್ಮೆಂದಿತ್ತು.

ಕಾರ್ಯಕ್ರಮದ ದಿನ ಮೂವತ್ತೆರಡು ಜನ ಎದೆ ತುಂಬಿ ಹಾಡಿದೆವು. ‘ಕೆರೆಯೇ ನಮ್ಮ ಬಾ…ಲ.’

ಮುಂದಿನ ಸಾಲಿನಲ್ಲಿ ಶಾಲೆ ಮಕ್ಕಳು ಕೂತಿದ್ದರು. ಒಬ್ಬ ಹುಡುಗ ಪಕ್ಕದವನನ್ನು ತಿವಿದ. ಅವನು ಇನ್ನೊಬ್ಬನನ್ನು ತಿವಿದ. ಎರಡನೇ ಸಲ ಪಲ್ಲವಿ ಬರುವ ಹೊತ್ತಿಗೆ ಇಡೀ ಸಾಲು ಬೆನ್ನ ಹಿಂದೆ ಕೈ ಇಟ್ಟುಕೊಂಡು ಬಾಲ ಅಲ್ಲಾಡಿಸುತ್ತಿತ್ತು. ನಮ್ಮ ಆಲ್ಟೋ ಕಡೆಯವರಿಗೂ, ಅಂದರೆ ಕೆಳಗಿನ ಧ್ವನಿ ಹಾಡುವ ಹೆಂಗಸರಿಗೂ, ನಗು ತಡೆಯಲಾಗಲಿಲ್ಲ. ಹಾಡು ಅಲ್ಲಿಗೆ ಮುಗಿಯಿತು.

ತಪ್ಪು ಮಕ್ಕಳದಲ್ಲ, ನನ್ನದು. ಕನ್ನಡದಲ್ಲಿ ಹ್ರಸ್ವ ಅಂದರೆ ಹ್ರಸ್ವ, ದೀರ್ಘ ಅಂದರೆ ದೀರ್ಘ. ಎಳೆದರೆ ಅರ್ಥವೇ ಬೇರೆ. ಇದು ಮೂರನೇ ಕ್ಲಾಸಿನ ಪಾಠ. ನಾನು ಪಿಯಾನೋ ಪುಸ್ತಕದ ಲೆಕ್ಕದಲ್ಲಿ ಟ್ಯೂನ್ ಮಾಡಿ, ಅದರೊಳಗೆ ಕನ್ನಡದ ಮಾತನ್ನು ತುರುಕಿದ್ದೆ. ಅಂಗಿ ಹೊಲಿದಾದ ಮೇಲೆ ಮೈ ಅಳತೆ ತೆಗೆದುಕೊಂಡ ಹಾಗೆ.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಹೆಚ್ಚುಕಡಿಮೆ ಇದೇ ಪಾಡು ಪಟ್ಟ ಒಂದು ದೇಶವಿದೆ. ಎಸ್ಟೋನಿಯಾ. ಅಲ್ಲಿನವರು ಅದನ್ನು ಸರಿ ಮಾಡಿಕೊಳ್ಳಲು ನೂರು ವರ್ಷ ತೆಗೆದುಕೊಂಡರು. ಇವತ್ತು ಜಾಸ್ತಿ ಅವರ ಮಾತೇ ಆಡುತ್ತೇನೆ, ಮಧ್ಯೆ ಮಧ್ಯೆ ನಮ್ಮ ತಂಡದ ಗೋಳು.

ಬಾಲ್ಟಿಕ್ ಸಮುದ್ರದ ದಡದಲ್ಲಿರುವ ಪುಟ್ಟ ದೇಶ ಅದು. ಜನಸಂಖ್ಯೆ ಸುಮಾರು 13 ಲಕ್ಷ. ನಮ್ಮ ಮೈಸೂರು ನಗರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನನ್ನ ಮಗಳು ಅಲ್ಲಿನ ರಾಜಧಾನಿ ಟಾಲಿನ್‌ನಲ್ಲಿ ಎರಡು ವರ್ಷ ಓದಿದಳು. ಅವಳನ್ನು ನೋಡಲು ಹೋಗಿದ್ದೆ. ಒಂದು ಮಧ್ಯಾಹ್ನ, ‘ಅಮ್ಮಾ, ನಿನಗೆ ಇದು ಇಷ್ಟ ಆಗತ್ತೆ’ ಅಂತ ಊರಿನ ಅಂಚಿನ ಒಂದು ಮೈದಾನಕ್ಕೆ ಕರೆದುಕೊಂಡು ಹೋದಳು. ಹಾಡಿನ ಮೈದಾನ. ಅವರ ಭಾಷೆಯಲ್ಲಿ ಲೌಲುವಾಲ್ಯಕ್.

ಹಬ್ಬದ ಕಾಲ ಅಲ್ಲ, ಪೂರಾ ಖಾಲಿ. ಹುಲ್ಲಿನ ಇಳಿಜಾರು. ಕೆಳಗೆ ಚಿಪ್ಪಿನ ಹಾಗೆ ಬಾಗಿದ ದೊಡ್ಡ ಕಮಾನು. ಅದರಡಿ ಮೆಟ್ಟಿಲು ಮೆಟ್ಟಿಲಾಗಿ ಗಾಯಕರು ನಿಲ್ಲುವ ಜಾಗ. 1960ರಲ್ಲಿ ಕಟ್ಟಿದ್ದು. ಸಾವಿರಾರು ಜನ ಒಂದೇ ಸಲಕ್ಕೆ ನಿಂತು ಹಾಡಬಹುದು. ಕೇಳುವವರಿಗೆ ಇಳಿಜಾರಿನ ಹುಲ್ಲೇ ಕುರ್ಚಿ. ದೂರದಲ್ಲಿ ಸಮುದ್ರ. ಆ ಇಳಿಜಾರಿನಲ್ಲಿ ಒಬ್ಬ ದಪ್ಪ ಮನುಷ್ಯ ಸುಮ್ನೆ ಕೂತಿದ್ದ. ಹತ್ತಿರ ಹೋದ ಮೇಲೆ ಗೊತ್ತಾಯಿತು, ಕಂಚಿನ ಪ್ರತಿಮೆ. ನಮ್ಮಲ್ಲಿ ಪ್ರತಿಮೆ ಅಂದರೆ ಎತ್ತರದ ಕಟ್ಟೆ, ಸುತ್ತ ಕಬ್ಬಿಣದ ಬೇಲಿ, ಮೇಲೆ ಕಾಗೆ. ಇಲ್ಲಿ ಅಂಥದ್ದೇನೂ ಕಾಣಲಿಲ್ಲ. ಹಾಡು ಕೇಳಲು ಬಂದು ಕೂತ ದೊಡ್ಡಪ್ಪನ ಹಾಗಿದ್ದ. ನಾನೂ ಪಕ್ಕದಲ್ಲಿ ಕೂತೆ. ಅವರೇ ಗುಸ್ತಾವ್ ಎರ್ನೆಸಾಕ್ಸ್. ಅವರ ಕತೆಗೆ ಬರುತ್ತೇನೆ. ಅದಕ್ಕೆ ಮೊದಲು ಆ ಮೈದಾನ ಯಾಕೆ ಬೇಕಾಯಿತು ಅಂತ ಹೇಳಬೇಕು.

1869. ತಾರ್ತು ಅನ್ನುವ ಊರು. ಎಸ್ಟೋನಿಯಾ ಆಗ ರಷ್ಯಾದ ಚಕ್ರವರ್ತಿಯ ಕೈಯಲ್ಲಿತ್ತು. ಜಮೀನೆಲ್ಲ ಜರ್ಮನ್ ದಣಿಗಳದು. ಎಸ್ಟೋನಿಯನ್ ಮಾತಾಡುವವನು ಅಂದರೆ ರೈತ, ಆಳು ಮಗ. ಆ ಸೀಮೆಯಲ್ಲಿ ಜೀತ ರದ್ದಾಗಿ 50 ವರ್ಷ ಆಗಿತ್ತು. ಆ ನೆನಪಿಗೆ ಯಾನ್ಸೆನ್ ಅನ್ನುವ ಪತ್ರಿಕೆಯ ಸಂಪಾದಕರು ಮುಂದೆ ನಿಂತು ಒಂದು ಹಾಡಿನ ಹಬ್ಬ ಮಾಡಿಸಿದರು. ಲೌಲುಪಿದು ಅಂತ ಹೆಸರು. ಲೌಲು ಅಂದರೆ ಹಾಡು, ಪಿದು ಅಂದರೆ ಹಬ್ಬ. ಎಂಟುನೂರಕ್ಕೂ ಹೆಚ್ಚು ಗಾಯಕರು ಹಳ್ಳಿಗಳಿಂದ ಬಂದರು. ಎಲ್ಲರೂ ಗಂಡಸರು. ಜೊತೆಗೆ ಹಿತ್ತಾಳೆ ವಾದ್ಯದವರು.

ಈಗ ಕೇಳಿ. ಎಸ್ಟೋನಿಯನ್ನರ ಮೊದಲ ದೊಡ್ಡ ಹಾಡಿನ ಹಬ್ಬದಲ್ಲಿ ಎಸ್ಟೋನಿಯನ್ನರೇ ರಾಗ ಹಾಕಿದ ಹಾಡು ಎಷ್ಟಿತ್ತು ಅಂತೀರಿ? ಎರಡು. ಎರಡಕ್ಕೂ ಸಾಹಿತ್ಯ ಬರೆದವಳು ಯಾನ್ಸೆನ್ ಅವರ ಮಗಳು, ಕವಿ ಲಿಡಿಯಾ ಕೊಯ್ಡುಲಾ. ರಾಗ ಕುನಿಲೇಯ್ಡ್ ಅನ್ನುವ ತರುಣನದು. ಉಳಿದದ್ದರಲ್ಲಿ ಜಾಸ್ತಿ ಜರ್ಮನ್ ಮಾದರಿಯ ಹಾಡುಗಳು, ದೇವರ ಹಾಡುಗಳು. ಇವತ್ತಿನ ಅವರ ರಾಷ್ಟ್ರಗೀತೆಯೂ ಆ ಹಬ್ಬದಲ್ಲಿ ಹಾಡಿದ್ದೇ. ಅದರ ರಾಗ ಜರ್ಮನಿಯಲ್ಲಿ ಹುಟ್ಟಿ ಫಿನ್‌ಲ್ಯಾಂಡಿನಲ್ಲಿ ನೆಲೆಸಿದ ಒಬ್ಬರದು. ಫಿನ್‌ಲ್ಯಾಂಡಿನ ರಾಷ್ಟ್ರಗೀತೆಗೂ ಅದೇ ರಾಗ! ಇನ್ನೊಂದು ತಮಾಷೆ. ಹಾಡು ಬರೆದವಳು ಹೆಂಗಸು, ಆದರೆ ಹಾಡುವ ವೇದಿಕೆಯಲ್ಲಿ ಹೆಂಗಸರಿಗೆ ಜಾಗ ಇಲ್ಲ. ಹೆಣ್ಣು ಗಂಡು ಸೇರಿದ ತಂಡಗಳು ಬಂದದ್ದು ನಾಲ್ಕನೇ ಹಬ್ಬದಲ್ಲಿ, 1891ರಲ್ಲಿ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ‘ಸಂಪ್ರದಾಯದ ಸಮೂಹ ಗಾಯನ’ ಅಂತ ನಾವು ಯಾವುದನ್ನು ಕರೆಯುತ್ತೇವೋ ಅದು ಒಂದು ಕಾಲದಲ್ಲಿ ಹೊರಗಿನಿಂದ ಬಂದ ಹೊಸ ಸರಕೇ. ನಾಲ್ಕು ಧ್ವನಿಯ ಹಾಡು, ಅಂದರೆ ಒಂದೇ ಹಾಡನ್ನು ನಾಲ್ಕು ಗುಂಪು ಬೇರೆ ಬೇರೆ ಸ್ವರದಲ್ಲಿ ಒಟ್ಟಿಗೆ ಹಾಡುವುದು, ಅವರಿಗೆ ಚರ್ಚಿನಿಂದ, ಜರ್ಮನ್ನರಿಂದ ಬಂತು. ನಮ್ಮ ಭಜನೆಗೆ ಹಾರ್ಮೋನಿಯಂ ಬಂದ ಹಾಗೆ. ಹಾರ್ಮೋನಿಯಂ ಇಲ್ಲದ ಭಜನೆ ಇವತ್ತು ಯಾರಿಗೂ ಭಜನೆ ಅನ್ನಿಸುವುದಿಲ್ಲ, ಅಲ್ವಾ? ಅದು ಹುಟ್ಟಿದ್ದು ಯುರೋಪಿನಲ್ಲಿ.

ಹಾಗಾದರೆ ಎಸ್ಟೋನಿಯನ್ನರ ನಿಜವಾದ ಹಳೇ ಹಾಡು ಯಾವುದು? ಅದರ ಹೆಸರು ರೆಗಿಲೌಲ್. ಸಾವಿರಾರು ವರ್ಷ ಹಳೆಯದು ಅಂತಾರೆ. ಹೊಲದಲ್ಲಿ, ಉಯ್ಯಾಲೆಯಲ್ಲಿ, ಮದುವೆಯಲ್ಲಿ ಹಾಡುತ್ತಿದ್ದದ್ದು. ಹೆಚ್ಚಾಗಿ ಹೆಂಗಸರೇ. ಒಂದು ಸಾಲಿಗೆ ಎಂಟು ಎಣಿಕೆ. ರಾಗ ತುಂಬಾ ಸಣ್ಣದು, ಮೂರು ನಾಲ್ಕು ಸ್ವರದೊಳಗೆ ಓಡಾಡಿಕೊಂಡಿರುತ್ತದೆ. ಸಾಲಿನ ಕೊನೆಗೆ ಪ್ರಾಸ ಇಲ್ಲ. ಪದಗಳ ತಲೆಯಲ್ಲಿ ಅದೇ ಅಕ್ಷರ ಮರಳಿ ಮರಳಿ ಬರುತ್ತದೆ. ನಮ್ಮ ಹಳೇ ಕವಿಗಳು ಎರಡನೇ ಅಕ್ಷರದಲ್ಲಿ ಪ್ರಾಸ ಇಟ್ಟರು, ಅವರು ಮೊದಲನೆಯದರಲ್ಲಿ. ಒಂದು ಸಾಲು ಹೇಳಿದ್ದನ್ನೇ ಮುಂದಿನ ಸಾಲು ಬೇರೆ ಮಾತಿನಲ್ಲಿ ಹೇಳುತ್ತದೆ. ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಅದನ್ನೇ ವಾಪಸ್ ಹಾಡುತ್ತಾರೆ.

ಸೋಬಾನೆ ಪದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1869ರ ಹಬ್ಬದ ಹೊತ್ತಿಗೆ ಓದು ಬಲ್ಲ ಎಸ್ಟೋನಿಯನ್ನರಿಗೆ ರೆಗಿಲೌಲ್ ಅಂದರೆ ಸ್ವಲ್ಪ ನಾಚಿಕೆ. ಅದು ಮುದುಕಿಯರ ಹಾಡು, ಹಿಂದುಳಿದವರ ಹಾಡು. ಪಾದ್ರಿಗಳು, ಭಕ್ತಿಪಂಥದವರು ಅದನ್ನು ಬಿಡಿ ಅಂತ ಅದಕ್ಕೂ ಎಷ್ಟೋ ಮೊದಲಿನಿಂದ ಹೇಳುತ್ತಾ ಬಂದಿದ್ದರು. ಮರ್ಯಾದೆ ಇದ್ದದ್ದು ಕೋಟು ಹಾಕಿ ನಾಲ್ಕು ಧ್ವನಿಯಲ್ಲಿ ಹಾಡುವುದಕ್ಕೆ. ಆದರೆ ಯಾಕೋಬ್ ಹುರ್ಟ್ ಅನ್ನುವ ಒಬ್ಬ ಪಾದ್ರಿಯೇ 1888ರಲ್ಲಿ ಪತ್ರಿಕೆಗಳಲ್ಲಿ ಕರೆ ಕೊಟ್ಟರು: ನಿಮ್ಮ ಅಜ್ಜಿಯರ ಹಾಡು ಬರೆದು ಕಳಿಸಿ. ಸಾವಿರಕ್ಕೂ ಹೆಚ್ಚು ಜನ ಬರೆದು ಕಳಿಸಿದರು. ಸೇರಿದ್ದು ಒಂದು ಲಕ್ಷಕ್ಕೂ ಹೆಚ್ಚು ಪುಟ. ನಮ್ಮ ಹಲಸಂಗಿ ಗೆಳೆಯರು ಬೀಸುಕಲ್ಲಿನ ಹಾಡು ಹುಡುಕಿಕೊಂಡು ಹೋದದ್ದು ನೆನಪಾಗುತ್ತದೆ. ಅಂತೂ ಹಾಡು ಕಪಾಟು ಸೇರಿತು. ಬಾಯಿಗೆ ಬರಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು.

ಈಗ ಕಂಚಿನ ಮನುಷ್ಯನ ಕತೆ. ಕೊಯ್ಡುಲಾ ಬರೆದು ಕುನಿಲೇಯ್ಡ್ ರಾಗ ಹಾಕಿದ ಆ ಎರಡು ಹಾಡಲ್ಲಿ ಒಂದು, ‘ನನ್ನ ನಾಡೇ ನನ್ನ ಒಲವು’ ಅನ್ನುವ ಅರ್ಥದ್ದು. 1944ರಲ್ಲಿ, ಯುದ್ಧದ ನಡುವೆ, ಎರ್ನೆಸಾಕ್ಸ್ ಅದೇ ಪದ್ಯಕ್ಕೆ ಹೊಸ ರಾಗ ಹಾಕಿದರು. ಹಳೇ ಮಾತು, ಹೊಸ ಧಾಟಿ. ಅಷ್ಟರಲ್ಲಿ ದೇಶ ಸೋವಿಯತ್ ಒಕ್ಕೂಟದ ಕೈಗೆ ಹೋಗಿತ್ತು. 1947ರ ಹಬ್ಬದಲ್ಲಿ ಹೇಗೋ ಅದನ್ನು ಹಾಡಿದರು. ಅಧಿಕಾರಿಗಳಿಗೆ ನಿಧಾನಕ್ಕೆ ಅರ್ಥವಾಯಿತು ಅಂತ ಕಾಣುತ್ತದೆ. 1950ರ ಹಬ್ಬಕ್ಕೆ ಅದು ಪಟ್ಟಿಯಲ್ಲಿ ಇಲ್ಲ. ಅಷ್ಟೇ ಅಲ್ಲ, ಆ ಹಬ್ಬಕ್ಕೆ ಮುಂಚೆ ಮೂವರು ಹಿರಿಯ ಸಂಗೀತಗಾರರನ್ನು ಹಿಡಿದು ಒಳಗೆ ಹಾಕಿದರು: ವೆಟ್ಟಿಕ್, ಕರಿಂದಿ, ಪಾತ್ಸ್. 1960ರ ಹಬ್ಬದಲ್ಲೂ ಹಾಡು ಕಾರ್ಯಕ್ರಮದಲ್ಲಿ ಇರಲಿಲ್ಲ. ಜನ ಕೇಳಲಿಲ್ಲ, ಹಾಡಿಯೇ ಬಿಟ್ಟರು. ಆಮೇಲೆ ಅದಿಲ್ಲದೆ ಹಬ್ಬ ಮುಗಿಯುವುದೇ ಇಲ್ಲ ಅನ್ನುವ ಹಾಗಾಯಿತು.

ಒಂದೇ ಪದ್ಯಕ್ಕೆ ಎರಡು ರಾಗ ಅಂದಾಗ ನಿಮಗೆ ನಮ್ಮ ನಾಡಗೀತೆ ನೆನಪಾಗಿರಬೇಕು. ಕುವೆಂಪು ಅವರ ಪದ್ಯ 2004ರಲ್ಲಿ ನಾಡಗೀತೆಯಾಯಿತು. ಯಾವ ಧಾಟಿ ಅನ್ನುವ ಜಗಳ ಮುಗಿಯಲು 2022 ಬರಬೇಕಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಅಂತ ಸರ್ಕಾರ ಆದೇಶ ಮಾಡಿತು. ಮಾಡಲಿ. ಆದರೆ ಯಾವ ಶ್ರುತಿಯಲ್ಲಿ ಅಂತ ಯಾರೂ ಹೇಳುವುದಿಲ್ಲ! ಸಭೆಯಲ್ಲಿ ಒಬ್ಬರು ಮೈಕಿನ ಮುಂದೆ ತಮಗೆ ಹಿತವಾದ ಕಡೆ ಶುರು ಮಾಡುತ್ತಾರೆ. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳಿದರೆ, ಹೆಂಗಸರಿಗೆ ಐದು ಮನೆ ಶ್ರುತಿ ಹಿತ, ಗಂಡಸರಿಗೆ ಒಂದು ಮನೆ. ಮೇಲಿನ ಸಾಲು ಬಂದಾಗ ಅರ್ಧ ಸಭೆ ಬಾಯಿ ಮಾತ್ರ ಆಡಿಸುತ್ತಿರುತ್ತದೆ. ಧ್ವನಿಗಳನ್ನು ಭಾಗ ಮಾಡಿ ಹಾಡುವುದು ಶೋಕಿಗಲ್ಲ, ಈ ಕಷ್ಟಕ್ಕೆ. ಗಂಡಸರೂ ಹೆಂಗಸರೂ ಮಕ್ಕಳೂ ಅವರವರ ಗಂಟಲಲ್ಲೇ ಹಾಡಬೇಕು, ಆದರೆ ಜೊತೆಗೆ ಹಾಡಬೇಕು. ಸಮೂಹ ಗಾಯನದ ಕೆಲಸವೇ ಅದು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬಂದೆ.

ವೆಲ್ಯೋ ಟೋರ್ಮಿಸ್. ಎಸ್ಟೋನಿಯಾದ ಸಂಗೀತ ಸಂಯೋಜಕರು. ಹುಟ್ಟಿದ್ದು 1930. ಹಳ್ಳಿ ಕಡೆ ಬೆಳೆದವರು, ಅಪ್ಪ ಚರ್ಚಿನ ಕೆಲಸದಲ್ಲಿದ್ದು ಕಾಯರ್, ಅಂದರೆ ಸಮೂಹ ಗಾಯನದ ತಂಡ, ನಡೆಸುತ್ತಿದ್ದವರು. ಮಾಸ್ಕೋದಲ್ಲಿ ಸಂಗೀತ ಕಲಿತರು. ಅಲ್ಲಿಯವರೆಗೆ ಎಲ್ಲರೂ ಮಾಡುವುದನ್ನೇ ಮಾಡುತ್ತಿದ್ದರು. ಜಾನಪದ ರಾಗ ತೆಗೆದುಕೊಂಡು, ಅದಕ್ಕೆ ಕೆಳಗೆ ನಾಲ್ಕು ಧ್ವನಿ ಕೂಡಿಸಿ, ಕೊನೆಗೊಂದು ಚಂದದ ಮುಕ್ತಾಯ. 1958ರಲ್ಲಿ ಅವರು ಕಿಹ್ನು ಅನ್ನುವ ದ್ವೀಪಕ್ಕೆ ಹೋದರು. ಅಲ್ಲಿ ಒಂದು ಮದುವೆ ನೋಡಿದರು. ಪುಸ್ತಕದಲ್ಲಿ ಸತ್ತಿದೆ ಅಂದುಕೊಂಡಿದ್ದ ಹಾಡನ್ನು ಅಲ್ಲಿನ ಹೆಂಗಸರು ಮದುವೆ ಕೆಲಸ ಮಾಡಿಕೊಂಡು ಹಾಡುತ್ತಿದ್ದರು. ಯಾರಿಗೂ ತೋರಿಸಲು ಅಲ್ಲ. ಹಾಡದಿದ್ದರೆ ಮದುವೆ ಮುಂದೆ ಹೋಗುವುದಿಲ್ಲ, ಅದಕ್ಕೆ. ಮರುವರ್ಷ ಟೋರ್ಮಿಸ್ ಕಿಹ್ನು ಮದುವೆ ಹಾಡುಗಳನ್ನು ಸಮೂಹ ಗಾಯನಕ್ಕೆ ಬರೆದರು.

ಅಲ್ಲಿಂದ ಅವರ ದಾರಿ ಬದಲಾಯಿತು. ಹಳೇ ಹಾಡಿನ ರಾಗವನ್ನು ಅವರು ತಿದ್ದಲಿಲ್ಲ. ಮೂರು ಸ್ವರ ಇದ್ದರೆ ಮೂರೇ. ಮತ್ತೆ ಮತ್ತೆ ಬರುವುದನ್ನು ಬೋರು ಅಂತ ಕತ್ತರಿಸಲಿಲ್ಲ. ಅದೇ ಸಾಲು ಮರಳಿ ಬಂದಾಗಲೆಲ್ಲ ಸುತ್ತಲಿನ ಧ್ವನಿ ಬೇರೆ ಮಾಡಿದರು. ಒಮ್ಮೆ ಕೆಳಗಿನವರು ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ, ನಮ್ಮ ತಂಬೂರಿಯ ಹಾಗೆ. ಇನ್ನೊಮ್ಮೆ ಧ್ವನಿಗಳು ಒತ್ತೊತ್ತಾಗಿ ನಿಂತು ಮೋಡ ಕವಿದಂತೆ ಮಾಡುತ್ತವೆ. ರಾಗ ಮಾತ್ರ ನಡುವೆ ತನ್ನ ಪಾಡಿಗೆ ಹೋಗುತ್ತಿರುತ್ತದೆ, ಸಂತೆಯಲ್ಲಿ ಹೋಗುವ ಅಜ್ಜಿಯ ಹಾಗೆ. ಅವರೇ ಹೇಳುತ್ತಿದ್ದದ್ದು: ನಾನು ಜಾನಪದವನ್ನು ಬಳಸಿಕೊಳ್ಳುತ್ತಿಲ್ಲ, ಜಾನಪದ ನನ್ನನ್ನು ಬಳಸಿಕೊಳ್ಳುತ್ತಿದೆ.

ಈ ಮಾತು ಓದಿದಾಗ ಚೆಂದದ ಮಾತು ಅಂದುಕೊಂಡು ಸುಮ್ಮನಾಗಿದ್ದೆ. ಅರ್ಥ ಮಾಡಿಸಿದ್ದು ನಮ್ಮ ದೊಡ್ಡಮ್ಮ.

ನಮ್ಮ ತಂಡದಲ್ಲಿ ಮಂಡ್ಯ ಕಡೆಯ ಒಬ್ಬ ಹಿರಿಯರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಎಲ್ಲರಿಗೂ ದೊಡ್ಡಮ್ಮ. ಓದು ಬರಹ ಕಡಿಮೆ, ಆದರೆ ಸೋಬಾನೆ ಪದ ರಾತ್ರಿಯಿಡೀ ಹೇಳಬಲ್ಲರು. ಒಂದು ಸ್ಪರ್ಧೆಗೆ ಅವರ ಒಂದು ಪದ ತೆಗೆದುಕೊಂಡೆವು. ಸ್ಪರ್ಧೆಯ ನಿಯಮ ಐದು ನಿಮಿಷ. ಪದ ಹನ್ನೆರಡು ನಿಮಿಷ. ನಾನು ಲೆಕ್ಕ ಹಾಕಿದೆ. ಗುಂಪಿನವರು ವಾಪಸ್ ಹಾಡುವುದನ್ನು ತೆಗೆದರೆ ಅರ್ಧ ಸಮಯ ಉಳಿಯಿತು, ಹೇಗೂ ಅದೇ ಮಾತು ತಾನೆ? ಗುಂಪಿಗೆ ಬದಲಾಗಿ ‘ಆ’ಕಾರದಲ್ಲಿ ಎರಡು ಧ್ವನಿಯ ಹಾರ್ಮನಿ ಕೊಟ್ಟೆ. ಕೇಳಲು ಸಿನಿಮಾ ಹಾಡಿನ ಹಾಗೆ ಬಹಳ ಚೆನ್ನಾಗಿತ್ತು.

ವೇದಿಕೆಯಲ್ಲಿ ನಾಲ್ಕನೇ ಸಾಲಿಗೆ ದೊಡ್ಡಮ್ಮ ನಿಂತುಬಿಟ್ಟರು. ಮಾತು ಮರೆತುಹೋಯಿತು. ನೂರಾರು ಸಲ ಹಾಡಿದ ಪದ! ನಾವು ‘ಆ’ ಅನ್ನುತ್ತಲೇ ಇದ್ದೆವು. ಅವರು ನನ್ನ ಮುಖ ನೋಡುತ್ತಲೇ ಇದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಸಮಾಧಾನ ಮಾಡಲು ಹೋದೆ. ಅವರೇ ನನಗೆ ಹೇಳಿದರು: ‘ನೀವು ವಾಪಸ್ ಹೇಳೋ ಹೊತ್ಗೆ ಮುಂದಿಂದು ಬಾಯಿಗ್ ಬರ್ತದೆ ಕಣವ್ವ. ನೀವ್ ಹೇಳ್ನಿಲ್ಲ, ಅದೂ ಬರ್ನಿಲ್ಲ.’

ನಾನು ಬೋರು ಅಂತ ಕತ್ತರಿಸಿದ್ದು ಅವರ ನೆನಪಿನ ಜಾಗವನ್ನು. ಗುಂಪು ವಾಪಸ್ ಹಾಡುವಾಗ ಎತ್ತುವವಳಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲು ಹುಡುಕಲು ಪುರುಸೊತ್ತು ಸಿಗುತ್ತದೆ. ಬೇಕಾದರೆ ಹೊಸ ಸಾಲು ಕಟ್ಟಲೂಬಹುದು. ರೆಗಿಲೌಲ್ ಹಾಡುವವರೂ ಇದನ್ನೇ ಹೇಳುತ್ತಾರೆ. ಎಸ್ಟೋನಿಯಾದ ಆಗ್ನೇಯ ಮೂಲೆಯ ಸೆಟೊ ಜನ ಒಂದು ಹೆಜ್ಜೆ ಮುಂದೆ. ಅವರ ಹಾಡಿಗೆ ಲೀಲೊ ಅಂತ ಹೆಸರು. ಎತ್ತುವವಳ ಸಾಲು ಮುಗಿಯುವ ಮೊದಲೇ, ಕೊನೆಯ ಒಂದೆರಡು ಅಕ್ಷರಕ್ಕೆ ಗುಂಪು ಒಳಗೆ ನುಗ್ಗುತ್ತದೆ. ಆಮೇಲೆ ಪೂರ್ತಿ ಸಾಲು ವಾಪಸ್. ಗುಂಪು ಹಾಡುವಾಗ ಒಬ್ಬಳ ಧ್ವನಿ ಎಲ್ಲರ ಮೇಲೆ ತೆಳ್ಳಗೆ, ಚೂಪಾಗಿ ಹರಿಯುತ್ತದೆ. ಅದು ಕಿಲ್ಲೊ. ಕೆಳಗಿನದು ತೊರ್ರೊ. ಯಾವ ಚರ್ಚೂ ಕಲಿಸದ, ಅವರ ನೆಲದಲ್ಲೇ ಹುಟ್ಟಿದ ಬಹುಧ್ವನಿ ಅದು. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಹಳೇ ಹಾಡಿಗೆ ಅದರದೇ ಒಂದು ಕಟ್ಟು ಇರುತ್ತದೆ. ಯಾಕೆ ಹಾಗಿದೆ ಅಂತ ಅದನ್ನೇ ಕೇಳಿ, ಆಮೇಲೆ ಹೊಸತನ್ನು ಕೂಡಿಸಬೇಕು. ಇಷ್ಟೇ ನಾನು ಹೇಳಬೇಕೆಂದು ಬಂದದ್ದು. ಟೋರ್ಮಿಸ್ ಮಾಡಿದ್ದೂ ಅದನ್ನೇ. ‘ಕಬ್ಬಿಣಕ್ಕೆ ಶಾಪ’ ಅಂತ ಅವರದೊಂದು ಕೃತಿ ಇದೆ, 1972ರದು. ಹಳೇ ನಂಬಿಕೆ ಏನು? ಒಂದು ವಸ್ತು ಹೇಗೆ ಹುಟ್ಟಿತು ಅಂತ ಬಾಯಿಬಿಟ್ಟು ಹೇಳಿದರೆ ಅದರ ಮೇಲೆ ನಿನಗೆ ಹಿಡಿತ ಸಿಗುತ್ತದೆ. ಅದಕ್ಕೆ ಗಾಯಕರು ಕಬ್ಬಿಣದ ಹುಟ್ಟು ಹೇಳುತ್ತಾ ಹೋಗುತ್ತಾರೆ. ವಾದ್ಯ ಒಂದೇ, ಮಂತ್ರವಾದಿಯ ತಮಟೆ. ಅದೇ ಮಂತ್ರದ ಗತಿಯಲ್ಲಿ ನಡುವೆ ಟ್ಯಾಂಕು, ವಿಮಾನ, ಮೆಷಿನ್ ಗನ್ ಬಂದುಬಿಡುತ್ತವೆ. ಹೊಸ ಮಾತು, ಆದರೆ ಅಂಟಿಸಿದ ಹಾಗೆ ಅನ್ನಿಸುವುದಿಲ್ಲ. ಮಂತ್ರಕ್ಕೆ ಅವು ಬೇಕೇ ಬೇಕು, ಕಬ್ಬಿಣದ ಕತೆ ಅಲ್ಲಿಗೇ ಹೋಗಿ ಮುಟ್ಟುವುದು. ನಮ್ಮ ಮಾದೇಶ್ವರನ ಕಥೆ ಹಾಡುವವರ ಬಾಯಲ್ಲಿ ನಡುವೆ ಬಸ್ಸು, ಮೊಬೈಲು ಬಂದು ಹೋಗುವುದಿಲ್ಲವೇ, ಹಾಗೆ.

ಟೋರ್ಮಿಸ್ ಇನ್ನೊಂದು ಕೆಲಸ ಮಾಡಿದರು. ಅವರ ಭಾಷೆಗೆ ನೆಂಟಸ್ತಿಕೆ ಇರುವ ಸಣ್ಣ ಸಣ್ಣ ಜನಾಂಗಗಳ ಹಾಡುಗಳನ್ನು ಸುಮಾರು ಇಪ್ಪತ್ತು ವರ್ಷ ಕೂತು ಸಮೂಹ ಗಾಯನಕ್ಕೆ ತಂದರು. ಅವುಗಳಲ್ಲಿ ಒಂದು ಲಿವೋನಿಯನ್. ಅದನ್ನು ಹೆತ್ತ ಮಾತಾಗಿ ಆಡುತ್ತಿದ್ದ ಕೊನೆಯ ಮುದುಕಿ 2013ರಲ್ಲಿ ತೀರಿಕೊಂಡರು. ಹಾಗೆ ಆಡುವ ಹಿರಿಯರೇ ಇಲ್ಲವಾದ ಭಾಷೆಯನ್ನು ಇವತ್ತು ಎಲ್ಲೆಲ್ಲಿಯದೋ ಕಾಯರ್‌ಗಳು ಹಾಡುತ್ತಿವೆ. ಇದಕ್ಕೆ ಸಂತೋಷ ಪಡಬೇಕೋ ದುಃಖ ಪಡಬೇಕೋ ನನಗೆ ತಿಳಿಯದು.

1988ರ ಕತೆ ನಿಮ್ಮಲ್ಲಿ ಕೆಲವರು ಕೇಳಿರುತ್ತೀರಿ. ಹಾಡುತ್ತಾ ಹಾಡುತ್ತಾ ಸ್ವಾತಂತ್ರ್ಯ ತಂದರು ಅಂತ. ಆ ವರ್ಷದ ಸೆಪ್ಟೆಂಬರ್ 11ರಂದು ನಾನು ಕೂತಿದ್ದ ಆ ಇಳಿಜಾರಿನಲ್ಲಿ ಸುಮಾರು 3 ಲಕ್ಷ ಜನ ಸೇರಿದ್ದರಂತೆ. 1991ರ ಆಗಸ್ಟ್ 20ಕ್ಕೆ ಸ್ವಾತಂತ್ರ್ಯ. ಹಾಡಿನಿಂದಲೇ ಒಂದು ಸಾಮ್ರಾಜ್ಯ ಬಿತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಾಸ್ಕೋದಲ್ಲೇ ಕಂಬ ಅಲ್ಲಾಡುತ್ತಿತ್ತು, ಇಲ್ಲಿ ಸಂಘಟನೆ ಇತ್ತು, ರಾಜಕೀಯ ಇತ್ತು. ನನಗೆ ಕುತೂಹಲ ಇರುವುದು ಬೇರೆ ಕಡೆ. ಅಲೊ ಮತ್ತೀಸೆನ್ ಅನ್ನುವ ತರುಣ ಆ ವರ್ಷ ಐದು ದೇಶಭಕ್ತಿ ಹಾಡು ಮಾಡಿದ. ರಾಕ್ ಹಾಡುಗಳು, ಗಿಟಾರು ಡ್ರಮ್ಮು ಎಲ್ಲ ಇದೆ. ಆದರೆ ಹಾಡು ಶುರುವಾಗುವುದು ಅಜ್ಜನ ಕಾಲದ ಕಾಯರ್ ಹಾಡಿನ ಒಂದು ತುಣುಕಿನಿಂದ. ಅದರಲ್ಲೊಂದು 1869ರಲ್ಲಿ ಹಾಡಿದ ಕುನಿಲೇಯ್ಡ್‌ನ ಹಾಡು! ಮುದುಕರು ಮೊದಲ ಸಾಲಿಗೆ ಎದ್ದು ನಿಂತರೆ, ಹುಡುಗರು ಡ್ರಮ್ಮಿಗೆ ಕುಣಿಯಬಹುದು. ಇಬ್ಬರ ಬಾಯಲ್ಲೂ ಒಂದೇ ಹಾಡು. ಹೊರಗಿನಿಂದ ಬಂದ ಆ ಜರ್ಮನ್ ಮಾದರಿಯ ಹಾಡು ಅಷ್ಟು ಹೊತ್ತಿಗೆ ‘ಹಳೇ ಹಾಡು’ ಆಗಿತ್ತು, ನೋಡಿ.

ಹಬ್ಬ ಈಗಲೂ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಹಳ್ಳಿ ಹಳ್ಳಿಯ ತಂಡಗಳು ಒಂದೇ ಹಾಡಿನ ಪಟ್ಟಿ ಹಿಡಿದು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತವೆ. ಪರೀಕ್ಷೆ ಮಾಡಿ, ಸರಿಯಾಗಿ ಕಲಿತವರನ್ನೇ ಬಿಡುತ್ತಾರೆ. 2025ರ ಹಬ್ಬದ ವಿಷಯ ಪ್ರಾದೇಶಿಕ ಉಪಭಾಷೆಗಳು ಮತ್ತು ಆಯಾ ಸೀಮೆಯ ಹಾಡುಗಳು.

ಮತ್ತೆ ಬಾಲಕ್ಕೆ ಬರೋಣ. ಎಸ್ಟೋನಿಯನ್ನರಿಗೆ ನಮಗಿಂತ ಕಷ್ಟ. ನಮ್ಮಲ್ಲಿ ಹ್ರಸ್ವ, ದೀರ್ಘ ಎರಡು. ಅವರಲ್ಲಿ ಮೂರು ಅಳತೆ. ‘ಲಿನ’ ಅಂದರೆ ಅಗಸೆ ನಾರು. ‘ಲಿನ್ನ’ ಅಂದರೆ ಊರಿನ. ಅದನ್ನೇ ಇನ್ನೂ ಸ್ವಲ್ಪ ಒತ್ತಿದರೆ ಊರಿಗೆ. ಜರ್ಮನ್ ಅಳತೆಯ ಟ್ಯೂನಿಗೆ ಇಂಥ ಭಾಷೆಯನ್ನು ತುಂಬಿಸುವುದು ಎಂಥ ಫಜೀತಿ, ಯೋಚನೆ ಮಾಡಿ.

ಇದೇ ಫಜೀತಿ ನಮ್ಮ ಕರಾವಳಿಯಲ್ಲೂ ಆಗಿದೆ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಜರ್ಮನ್ ದೇವರ ಹಾಡುಗಳು ಕನ್ನಡಕ್ಕೆ ಬಂದವು, ಟ್ಯೂನು ಅಲ್ಲಿಯದೇ. ಇವತ್ತಿಗೂ ಆ ಪರಂಪರೆಯ ಚರ್ಚುಗಳಲ್ಲಿ ನಾಲ್ಕು ಧ್ವನಿಯ ಕನ್ನಡ ಹಾಡು ಕೇಳಬಹುದು. ಸಮೂಹ ಗಾಯನ ಕಲಿಯಬೇಕು ಅನ್ನುವವರು ಅಲ್ಲಿ ಹೋಗಿ ಒಂದು ಭಾನುವಾರ ಕೂರಬೇಕು. ಅದೇ ಮಿಷನ್ನಿನ ಕಿಟೆಲ್ ಅವರು ಯೋಚಿಸಿದ್ದು ಬೇರೆ ಥರ. ನಿಘಂಟು ಮಾಡಿದವರು ಅಂತ ಅವರು ನಮಗೆಲ್ಲ ಗೊತ್ತು. ಅವರು ಯೇಸುವಿನ ಕತೆಯನ್ನು 1862ರಲ್ಲಿ ನಮ್ಮ ಛಂದಸ್ಸಿನಲ್ಲೇ, ಹಾಡಲು ಬರುವ ಹಾಗೆ ಬರೆದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೇ ಸಂಪಾದಿಸಿ ಅಚ್ಚು ಹಾಕಿಸಿದರು. ಮೈ ಅಳತೆ ತೆಗೆದುಕೊಂಡು ಆಮೇಲೆ ಕತ್ತರಿ ಎತ್ತಿಕೊಂಡ ದರ್ಜಿ ಅವರು. ನಾನು ಅವರಿಗಿಂತ ನೂರೈವತ್ತು ವರ್ಷ ಆಮೇಲೆ ಬಂದೂ ಕೆರೆಗೆ ಬಾಲ ಹಚ್ಚಿದೆ.

ಈಗ ನಮ್ಮ ತಂಡ ಏನು ಮಾಡುತ್ತದೆ, ಚುಟುಕಾಗಿ ಹೇಳುತ್ತೇನೆ. ಹೊಸ ಹಾಡಾದರೆ ಮೊದಲು ಸಾಹಿತ್ಯವನ್ನು ತಾಳ ಹಾಕಿಕೊಂಡು ಬರೀ ಮಾತಿನಲ್ಲಿ ಹೇಳುತ್ತೇವೆ. ಒಂದು ವಾರ ಟ್ಯೂನೇ ಇಲ್ಲ. ಹ್ರಸ್ವ ದೀರ್ಘ ತಾವೇ ಗತಿ ತೋರಿಸುತ್ತವೆ. ಹಾರ್ಮನಿ ಎಲ್ಲ ರಾಗಕ್ಕೂ ಹಚ್ಚಲು ಹೋಗುವುದಿಲ್ಲ. ಒಮ್ಮೆ ಮಾಯಾಮಾಳವಗೌಳ ರಾಗದಲ್ಲಿ ಒಂದು ತಂಡ ಮುಂದೆ, ಇನ್ನೊಂದು ತಂಡ ನಾಲ್ಕು ಎಣಿಕೆ ಹಿಂದೆ ಹಾಡುವ ಪ್ರಯೋಗ ಮಾಡಿದೆ. ಷಡ್ಜದ, ಅಂದರೆ ಸ ಸ್ವರದ, ಪಕ್ಕದಲ್ಲೇ ಅಂಟಿಕೊಂಡು ಅದರ ಶುದ್ಧ ರಿಷಭ (ರಿ), ಪಂಚಮದ (ಪ) ಪಕ್ಕದಲ್ಲೇ ಶುದ್ಧ ಧೈವತ (ದ). ಎರಡು ಗುಂಪು ಒಟ್ಟಿಗೆ ಅಲ್ಲಿ ಬಂದು ನಿಂತಾಗ ಕಿವಿಯಲ್ಲಿ ಕೀಲು ತುರಿದ ಸದ್ದು. ಮೋಹನ ರಾಗದಲ್ಲಿ ಅದೇ ಪ್ರಯೋಗ ಮಾಡಿ ನೋಡಿ. ಸ ರಿ ಗ ಪ ದ. ಒಂದಕ್ಕೊಂದು ತೀರಾ ಅಂಟಿಕೊಂಡ ಸ್ವರ ಇಲ್ಲವೇ ಇಲ್ಲ. ಯಾರು ಎಲ್ಲಿ ಸೇರಿದರೂ ಜಗಳವಾಗುವುದಿಲ್ಲ. ಹೊಸಬರು ತಾಳ ತಪ್ಪಿದರೂ ಹಾರ್ಮನಿ ಅಂತ ಹೇಳಿಕೊಳ್ಳಬಹುದು! ಮಾಯಾಮಾಳವಗೌಳವನ್ನು ಈಗ ಎಲ್ಲರೂ ಒಂದೇ ಧ್ವನಿಯಲ್ಲಿ, ಶ್ರುತಿ ಹಿಡಿದು ಹಾಡುತ್ತೇವೆ. ಅದಕ್ಕೆ ಬೇಕಾದದ್ದು ಅಷ್ಟೇ.

ಉಳಿದ ಕಷ್ಟಗಳು ಎಲ್ಲರಿಗೂ ಇರುವವೇ. ಗಂಡಸರು ಸಿಗುವುದಿಲ್ಲ. ಸಿಕ್ಕರೆ ಕ್ರಿಕೆಟ್ ಇರುವ ದಿನ ಬರುವುದಿಲ್ಲ. ಹಾಲ್ ಬಾಡಿಗೆ. ಬಿಡಿ.

ದೊಡ್ಡಮ್ಮನ ಪದವನ್ನು ಮತ್ತೆ ಕಟ್ಟಿದ್ದೇವೆ. ವಾಪಸ್ ಹಾಡುವುದು ಪೂರ್ತಿ ಇದೆ. ಮೊದಲ ನಾಲ್ಕು ಸಾಲಿಗೆ ಎಲ್ಲರೂ ಒಂದೇ ಧ್ವನಿ. ಐದನೆಯದರಿಂದ ಗಂಡಸರು ಕೆಳಗೆ ಷಡ್ಜ ಹಿಡಿದು ನಿಲ್ಲುತ್ತಾರೆ. ಹತ್ತನೆಯದರಿಂದ ಸೆಟೊ ಹೆಂಗಸರ ಹಾಗೆ ಸಾಲು ಮುಗಿಯುವ ಮೊದಲೇ ಒಳಗೆ ನುಗ್ಗುತ್ತೇವೆ. ಮೊದಲ ಸಲ ಹಾಗೆ ಮಾಡಿದಾಗ ದೊಡ್ಡಮ್ಮ ಬೈದರು: ‘ನಾನಿನ್ನೂ ಮುಗುಸ್ನೇ ಇಲ್ಲ, ಅದ್ಯಾಕಂಗೆ ಮೇಲ್ ಬೀಳ್ತೀರಿ?’ ಎರಡನೇ ವಾರ ಅವರೇ ಬೇಕೆಂದೇ ಕೊನೆಯ ಅಕ್ಷರವನ್ನು ಎಳೆದು ನಮಗಾಗಿ ಕಾಯಲು ಶುರು ಮಾಡಿದರು. ಸ್ಪರ್ಧೆಗೆ ಮಾತ್ರ ಈಗ ಹೋಗುವುದಿಲ್ಲ. ಪದ ಹದಿಮೂರು ನಿಮಿಷ ಆಗಿದೆ.

ಅವರು ಇವತ್ತು ಬಂದಿದ್ದಾರೆ, ಅಲ್ಲಿ ಮೂರನೇ ಸಾಲಿನಲ್ಲಿ, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾರೆ. ದೊಡ್ಡಮ್ಮಾ, ಬನ್ನಿ ಮೇಲೆ. ಆ ಕೆರೆ ಹಾಡನ್ನೇ ಹಾಡೋಣ, ಬಾಲ ಕತ್ತರಿಸಿದ್ದೇವಲ್ಲ. ಈಗ ‘ಬ’ ಅರೆಗಳಿಗೆ, ‘ಲ’ ಮೇಲೆ ಎಷ್ಟು ಬೇಕೋ ಅಷ್ಟು ಎಳೆಯಬಹುದು. ಅವರು ಸಾಲು ಎತ್ತುತ್ತಾರೆ. ‘ಬಲ’ದ ‘ಲ’ ಬಂದ ತಕ್ಷಣ ನೀವೆಲ್ಲ ಸೇರಿಕೊಳ್ಳಬೇಕು, ಅವರು ಮುಗಿಸುವುದಕ್ಕೆ ಕಾಯಬೇಡಿ. ಹಿಂದಿನ ಸಾಲಿನ ಗಂಡಸರು ಕೆಳಗಿನ ಷಡ್ಜ ಹಿಡಿಯಿರಿ. ಮೊಬೈಲ್ ಒಳಗಿಡಿ ಸಾರ್, ಎರಡು ನಿಮಿಷ.

ಯಾರಾದರೂ ಶ್ರುತಿ ಪೆಟ್ಟಿಗೆ ಹಾಕಿ. ಐದು ಬೇಡ, ನಾಲ್ಕಕ್ಕೆ ಇಳಿಸಿ. ಹಾಂ, ಅಲ್ಲೇ.